ಕಾಲಿಗೆ ಚರ್ಮ ಕಸಿ: ಗ್ರಾಫ್ಟ್ ಹಿಡಿಯಿತು, ಆಮೇಲೇನು?

ಚರ್ಮ ಕಸಿ ಆದವರನ್ನು ನೋಡಲು ಬಂದವರೆಲ್ಲ ಮೊದಲು ಬ್ಯಾಂಡೇಜ್ ಸುತ್ತಿದ ಕಾಲಿನ ಕಡೆಗೇ ನೋಡುತ್ತಾರೆ. ಕಾಲು ತುಂಬಾ ನೋಯುತ್ತಾ ಅಂತ ಕೇಳುತ್ತಾರೆ. ನನಗೆ ನೋಯುತ್ತಿದ್ದದ್ದು ತೊಡೆ. ಹಾಗೆ ಹೇಳಿದರೆ ಎದುರಿಗಿದ್ದವರ ಮುಖದಲ್ಲಿ ಒಂದು ಅನುಮಾನ ಮೂಡುತ್ತಿತ್ತು, ಗಾಡಿಯಿಂದ ಬಿದ್ದು ಚರ್ಮ ಕಿತ್ತು ಬಂದದ್ದು ಮೊಣಕಾಲಿನ ಕೆಳಗೆ, ಇವರೇನು ತೊಡೆ ತೊಡೆ ಅನ್ನುತ್ತಾರೆ ಅಂತ.

ತೊಡೆಯಿಂದ ಚರ್ಮ ತೆಗೆದಿದ್ದರು, ಅದಕ್ಕೆ. ಪೂರ್ತಿ ಚರ್ಮ ತೆಗೆಯುವುದಿಲ್ಲ. ಡರ್ಮಟೋಮ್ ಎನ್ನುವ ಯಂತ್ರದಿಂದ ಮೇಲಿನ ಪದರವನ್ನೂ ಅದರ ಕೆಳಗಿನ ಪದರದ ಸ್ವಲ್ಪ ಭಾಗವನ್ನೂ ತೆಳ್ಳಗೆ ಹೆರೆದು ತೆಗೆಯುತ್ತಾರೆ. ದಪ್ಪ ಸಾಮಾನ್ಯವಾಗಿ 0.2ರಿಂದ 0.4 ಮಿಲಿಮೀಟರ್, ಅಷ್ಟೇ. ಹಾಗೆ ಹೆರೆದಾಗ ನರಗಳ ತುದಿಗಳು ಬಯಲಾಗುತ್ತವೆ. ಚಿಕ್ಕವರಿದ್ದಾಗ ಓಡಿ ಬಿದ್ದು ಮಂಡಿ ತರಚಿಕೊಂಡರೆ ಉರಿಯುತ್ತಿತ್ತಲ್ಲ, ಅದೇ ಉರಿ, ಅಂಗೈಗಿಂತ ದೊಡ್ಡ ಜಾಗದಲ್ಲಿ, ಹಗಲೂ ರಾತ್ರಿ. ಕಾಲಿಗೆ ಅಂಟಿಸಿದ ಚರ್ಮಕ್ಕೆ ನರದ ಸಂಪರ್ಕವೇ ಇರುವುದಿಲ್ಲ. ಹಾಗಾಗಿ ಅಲ್ಲಿ ನೋವು ಕಡಿಮೆ. ಆಪರೇಷನ್‌ಗೆ ಮುಂಚೆ ಇದನ್ನು ಯಾರಾದರೂ ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು. ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಎಲ್ಲೋ ಒಂದು ಸಾಲು ಇತ್ತು, ಅದನ್ನು ಯಾರು ಓದುತ್ತಾರೆ?

ಈ ತೊಡೆಯ ಜಾಗ, ಆಸ್ಪತ್ರೆಯವರ ಬಾಯಲ್ಲಿ ಡೋನರ್ ಸೈಟ್, ತನ್ನಷ್ಟಕ್ಕೆ ತಾನೇ ಮಾಯುತ್ತದೆ. ಹೆರೆದ ಮೇಲೂ ಕೂದಲಿನ ಬುಡಗಳು, ಬೆವರಿನ ಗ್ರಂಥಿಗಳು ಒಳಪದರದಲ್ಲಿ ಉಳಿದಿರುತ್ತವೆ. ಅಲ್ಲಿಂದಲೇ ಹೊಸ ಜೀವಕೋಶಗಳು ಹರಡಿ ಮೇಲೆ ಮುಚ್ಚಿಕೊಳ್ಳುತ್ತವೆ. ತೆಳ್ಳಗೆ ತೆಗೆದಿದ್ದರೆ 10ರಿಂದ 14 ದಿನ, ಸ್ವಲ್ಪ ಆಳ ಹೋಗಿದ್ದರೆ ಮೂರು ವಾರ. ಅಲ್ಲಿಯವರೆಗೆ ಆ ಡ್ರೆಸ್ಸಿಂಗ್ ಮುಟ್ಟದೇ ಇರುವುದೇ ಚಿಕಿತ್ಸೆ. ಅದು ಒಣಗಿ ಅಂಟಿಕೊಂಡು ಗಟ್ಟಿಯಾಗುತ್ತದೆ. ಅಂಚು ಮೇಲೆ ಎದ್ದು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಎಳೆಯಬೇಕು ಅನ್ನಿಸುತ್ತದೆ. ಎಳೆದರೆ ಕೆಳಗೆ ಆಗತಾನೇ ಬಂದ ಪದರವೂ ಕಿತ್ತು ಬರುತ್ತದೆ. ಎದ್ದ ಅಂಚನ್ನು ಮಾತ್ರ ಕತ್ತರಿಯಿಂದ ಕತ್ತರಿಸಿ, ಉಳಿದದ್ದು ತಾನಾಗಿ ಬಿಡುವವರೆಗೆ ಸುಮ್ನೆ ಇರಬೇಕು. ರಾತ್ರಿ ಹೊದಿಕೆ ತಾಗಿದರೂ ಉರಿಯುತ್ತದೆ. ಸಡಿಲವಾದ ಹತ್ತಿಯ ಬಟ್ಟೆ ಬಿಟ್ಟು ಬೇರೇನೂ ಹಾಕಿಕೊಳ್ಳಲು ಆಗುವುದಿಲ್ಲ. ನೋವಿನ ಮಾತ್ರೆಯನ್ನು ನೋವು ತಡೆಯಲಾರದಷ್ಟು ಆಗುವವರೆಗೆ ಕಾಯದೆ ಹೇಳಿದ ಹೊತ್ತಿಗೆ ತೆಗೆದುಕೊಳ್ಳುವುದು ವಾಸಿ. ಇಷ್ಟಾದ ಮೇಲೆ ತೊಡೆಯ ವಿಷಯ ಹೆಚ್ಚು ಕಮ್ಮಿ ಮುಗಿಯಿತು, ಅದರ ಬಣ್ಣ ಮಾತ್ರ ಬಹಳ ದಿನ ಬೇರೆಯಾಗೇ ಇರುತ್ತದೆ.

ಕಾಲಿನ ವಿಷಯ ಹಾಗಲ್ಲ. ಅದು ಅಷ್ಟು ಬೇಗ ಮುಗಿಯುವುದಿಲ್ಲ. ಡಾಕ್ಟರು ಗ್ರಾಫ್ಟ್, ಅಂದರೆ ಕಾಲಿಗೆ ಅಂಟಿಸಿದ ಚರ್ಮ, ಚೆನ್ನಾಗಿ ಹಿಡಿದಿದೆ ಅಂದ ಕೂಡಲೇ ಮನೆಯವರೆಲ್ಲ ನಿಟ್ಟುಸಿರು ಬಿಟ್ಟು ಎಲ್ಲಾ ಮುಗಿಯಿತು ಅಂದುಕೊಳ್ಳುತ್ತಾರೆ. ಹಿಡಿಯುವುದು ಒಂದು ವಾರದ ಕೆಲಸ, ಅದರಲ್ಲಿ ಹೆಚ್ಚಿನದು ಸರ್ಜನ್ ಕೈಯಲ್ಲಿ. ಹಿಡಿದ ಚರ್ಮವನ್ನು ಕಾಪಾಡಿಕೊಳ್ಳುವುದು ತಿಂಗಳುಗಳ ಕೆಲಸ, ಅದು ಪೂರ್ತಿ ನಮ್ಮ ಕೈಯಲ್ಲಿ. ಮೊಣಕಾಲಿನ ಕೆಳಗಿನ ಗ್ರಾಫ್ಟ್‌ಗೆ ದೊಡ್ಡ ಕಾಟ ಊತ. ಅದರ ಬಗ್ಗೆ ಬರೆಯಬೇಕು ಅಂತಲೇ ಕೂತಿದ್ದೇನೆ, ಆದರೆ ಮೊದಲ ವಾರದ ಬಗ್ಗೆ ಸ್ವಲ್ಪ ಹೇಳದೆ ಅಲ್ಲಿಗೆ ಹೋಗಲಾಗುವುದಿಲ್ಲ.

ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಕೈ ಇಟ್ಟು ನೋಡಿ. ಚರ್ಮ, ಅದರ ಕೆಳಗೆ ನೇರವಾಗಿ ಮೂಳೆ. ಮಾಂಸವೂ ಇಲ್ಲ, ಎಳೆದು ಹೊಲಿಯಲು ಸಡಿಲ ಚರ್ಮವೂ ಇಲ್ಲ. ಅದಕ್ಕೇ ಅಲ್ಲಿ ದೊಡ್ಡ ಗಾಯವಾದರೆ ಹೊಲಿಗೆಯಲ್ಲಿ ಮುಗಿಯುವುದಿಲ್ಲ, ಬೇರೆ ಕಡೆಯಿಂದ ಚರ್ಮ ತರಬೇಕು. ಮೂಳೆಯ ಮೇಲಿನ ತೆಳು ಪೊರೆ ಉಳಿದಿದ್ದರೆ ಗ್ರಾಫ್ಟ್ ಹಿಡಿಯುತ್ತದೆ. ಆ ಪೊರೆಯೂ ಹೋಗಿ ಬರೀ ಮೂಳೆ ಕಂಡರೆ ಬರಿಯ ಚರ್ಮ ಅಲ್ಲಿ ಬದುಕುವುದಿಲ್ಲ, ರಕ್ತನಾಳದ ಸಮೇತ ಮಾಂಸವನ್ನೋ ಚರ್ಮವನ್ನೋ ತಿರುಗಿಸಿ ತಂದು ಮುಚ್ಚಬೇಕು, ಅದನ್ನು ಫ್ಲ್ಯಾಪ್ ಅನ್ನುತ್ತಾರೆ, ಅದು ಬೇರೆಯೇ ಆಪರೇಷನ್.

ಗ್ರಾಫ್ಟ್ ತನ್ನದೇ ರಕ್ತದ ಹರಿವು ತರುವುದಿಲ್ಲ. ಮೊದಲ ಒಂದೆರಡು ದಿನ ಅದು ಗಾಯದಿಂದ ಒಸರುವ ದ್ರವವನ್ನು ಹೀರಿಕೊಂಡು ಬದುಕುತ್ತದೆ. ಎರಡು ಮೂರನೇ ದಿನದ ಹೊತ್ತಿಗೆ ಕೆಳಗಿನ ಸಣ್ಣ ರಕ್ತನಾಳಗಳ ಬಾಯಿ ಗ್ರಾಫ್ಟ್‌ನಲ್ಲಿರುವ ನಾಳಗಳ ಬಾಯಿಗೆ ಕೂಡಿಕೊಳ್ಳಲು ಶುರುವಾಗುತ್ತದೆ. ಐದರಿಂದ ಏಳು ದಿನದಲ್ಲಿ ರಕ್ತ ಸರಿಯಾಗಿ ಓಡಾಡುತ್ತದೆ. ಈ ಅವಧಿಯಲ್ಲಿ ಚರ್ಮ ಒಂಚೂರು ಜಾರಿದರೂ ಕೂಡುತ್ತಿರುವ ನಾಳಗಳು ತುಂಡಾಗುತ್ತವೆ. ಕೆಳಗೆ ರಕ್ತ ಹೆಪ್ಪುಗಟ್ಟಿದರೆ ಅಥವಾ ನೀರು ತುಂಬಿದರೆ ಚರ್ಮ ತಳಕ್ಕೆ ತಾಗುವುದೇ ಇಲ್ಲ, ಹಸಿವಿನಿಂದ ಸಾಯುತ್ತದೆ. ಇದರ ಜೊತೆಗೆ ಸೋಂಕಿನ ಭಯ. ಸ್ಟ್ರೆಪ್ಟೊಕಾಕಸ್ ಜಾತಿಯ ಕೆಲವು ಬ್ಯಾಕ್ಟೀರಿಯಾ ಬಂದರೆ ಗ್ರಾಫ್ಟ್ ಕರಗಿಯೇ ಹೋಗಬಹುದು.

ನೀರು ಕೆಳಗೆ ನಿಲ್ಲದಿರಲಿ ಅಂತಲೇ ಗ್ರಾಫ್ಟ್‌ಗೆ ಬಲೆಯ ಹಾಗೆ ಸೀಳು ಹಾಕುತ್ತಾರೆ. ಹಾಗೆ ಸೀಳು ಹಾಕುವ ಯಂತ್ರ 1964ರಲ್ಲಿ ಬಂದದ್ದು. ಸೀಳಿದ ಚರ್ಮವನ್ನು ಎಳೆದು ಅಗಲ ಮಾಡಬಹುದು, ಒಂದೂವರೆ ಪಟ್ಟು, ಮೂರು ಪಟ್ಟು, ಸುಟ್ಟ ಗಾಯಗಳಲ್ಲಿ ಅದಕ್ಕಿಂತ ಜಾಸ್ತಿ. ಸಂದುಗಳಿಂದ ದ್ರವ ಹೊರಗೆ ಹೋಗುತ್ತದೆ, ಆಮೇಲೆ ಸುತ್ತಲಿನ ಚರ್ಮ ಹರಡಿ ಆ ಸಂದುಗಳೂ ಮುಚ್ಚುತ್ತವೆ. ಚರ್ಮದ ಸಣ್ಣ ತುಣುಕೊಂದು ಗಾಯದ ಮಧ್ಯೆ ಕೂತು ಸುತ್ತ ಹರಡುತ್ತದೆ ಅನ್ನುವುದು 1869ರಷ್ಟು ಹಿಂದೆಯೇ ಪ್ಯಾರಿಸ್‌ನಲ್ಲಿ ಜಾಕ್ ರೆವೆರ್ಡಿನ್ ಎಂಬ ಯುವ ಡಾಕ್ಟರಿಗೆ ಗೊತ್ತಾಗಿತ್ತು. ಅವರು ಕಾಳಿನಷ್ಟು ಚಿಕ್ಕ ಚೂರುಗಳನ್ನು ಗಾಯದ ಮೇಲೆ ಇಟ್ಟು ನೋಡಿದ್ದರು.

ನನಗೆ ಗ್ರಾಫ್ಟ್ ಮೇಲೆ ಅಂಟದ ಬಲೆಬಟ್ಟೆ, ಅದರ ಮೇಲೆ ಸ್ಪಂಜ್, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಪೈಪ್ ಹಾಕಿ ವ್ಯಾಕ್ ಯಂತ್ರಕ್ಕೆ ಸೇರಿಸಿದ್ದರು. ಅದು ಗಾಳಿ ಎಳೆದು ಸ್ಪಂಜನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ, ಒಸರುವ ನೀರನ್ನು ಡಬ್ಬಿಗೆ ಸೇರಿಸುತ್ತದೆ. ಸಾಮಾನ್ಯವಾಗಿ ಇಡುವ ಎಳೆತ 125 ಮಿಲಿಮೀಟರ್ ಪಾದರಸ, ಕೆಲವು ಸರ್ಜನ್‌ಗಳು ಗ್ರಾಫ್ಟ್ ಮೇಲೆ ಅದಕ್ಕಿಂತ ಕಡಿಮೆ ಇಡುತ್ತಾರೆ. ಎಲ್ಲೋ ಅಂಚಿನಲ್ಲಿ ಗಾಳಿ ಸೋರಿದರೆ ಸಾಕು, ಯಂತ್ರ ಕೂಗಿಕೊಳ್ಳುತ್ತದೆ. ಸೋರುವಿಕೆ ಯಾವಾಗಲೂ ನಡುರಾತ್ರಿಯೇ ಆಗುವುದು, ಅದೇಕೋ. ಕೂಗಿದಾಗ ತಡಮಾಡದೆ ಸಿಸ್ಟರ್‌ನ್ನು ಕರೆಯಬೇಕು, ಯಾಕೆಂದರೆ ಎಳೆತ ನಿಂತು ಬಹಳ ಹೊತ್ತಾದರೆ ಒದ್ದೆ ಸ್ಪಂಜ್ ಗಾಯದ ಮೇಲೆ ಕೂತು ಸೋಂಕಿಗೆ ದಾರಿ. ಸಣ್ಣ ಗ್ರಾಫ್ಟ್‌ಗಳಿಗೆ ಯಂತ್ರ ಬೇಕಿಲ್ಲ, ಹತ್ತಿಯ ಗಟ್ಟಿ ಉಂಡೆ ಇಟ್ಟು ದಾರದಿಂದ ಬಿಗಿದರೂ ಅದೇ ಕೆಲಸ ಆಗುತ್ತದೆ.

ಸುಮಾರು ಐದನೇ ದಿನ ಮೊದಲ ಸಲ ಬಿಚ್ಚುತ್ತಾರೆ. ನೋಡುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಚೆನ್ನಾಗಿ ಹಿಡಿದ ಗ್ರಾಫ್ಟ್ ಕೂಡ ಚೆನ್ನಾಗಿ ಕಾಣುವುದಿಲ್ಲ. ಕೆಂಪು, ಗುಲಾಬಿ, ಅಲ್ಲಲ್ಲಿ ನೇರಳೆ, ಬಲೆಯ ಗುರುತು, ಸ್ಟೇಪಲ್ ಪಿನ್‌ಗಳು, ಒಣಗಿದ ರಕ್ತ. ಸುತ್ತಲಿನ ಚರ್ಮಕ್ಕಿಂತ ತಗ್ಗಾಗಿ ಕೂತಿರುತ್ತದೆ. ವಾಸನೆಯೂ ಇರುತ್ತದೆ, ಐದು ದಿನ ಮುಚ್ಚಿಟ್ಟ ರಕ್ತ ಮತ್ತು ದ್ರವದ ವಾಸನೆ. ಅಷ್ಟಕ್ಕೇ ಕೀವಾಗಿದೆ ಅಂತ ಗಾಬರಿಯಾಗಬೇಕಿಲ್ಲ. ಹಸಿರು ಬಣ್ಣದ ಒಸರು ಬಂದರೆ, ಸುತ್ತ ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರಿದರೆ, ಜ್ವರ ಬಂದರೆ, ಆಗ ಅದು ಬೇರೆ ಮಾತು, ಅವತ್ತೇ ತೋರಿಸಬೇಕು. ಡಾಕ್ಟರು ನೋಡಿ ಇಷ್ಟು ಪರ್ಸೆಂಟ್ ಹಿಡಿದಿದೆ ಅನ್ನುತ್ತಾರೆ. ನೂರಕ್ಕೆ ನೂರು ಹಿಡಿಯುವುದು ಕಡಿಮೆ. ಅಂಚಿನಲ್ಲಿ, ಮೂಳೆ ಎದ್ದಿರುವ ಕಡೆ ಸ್ವಲ್ಪ ಹೋಗುವುದು ಮಾಮೂಲು. ಹೋದ ಜಾಗ ಚಿಕ್ಕದಿದ್ದರೆ ಇನ್ನೊಂದು ಆಪರೇಷನ್ ಬೇಕಾಗುವುದಿಲ್ಲ, ಡ್ರೆಸ್ಸಿಂಗ್‌ನಲ್ಲೇ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ.

ಈಗ ಊತದ ವಿಷಯಕ್ಕೆ ಬರುತ್ತೇನೆ.

ಮೊದಲ ಸಲ ಮಂಚದ ಅಂಚಿನಲ್ಲಿ ಕೂತು ಕಾಲು ಕೆಳಗೆ ಬಿಟ್ಟಾಗ ಏನಾಗುತ್ತದೆ ಅನ್ನುವುದನ್ನು ಮುಂಚೆ ತಿಳಿದಿಟ್ಟುಕೊಳ್ಳಿ, ಇಲ್ಲದಿದ್ದರೆ ಹೆದರಿಕೊಳ್ಳುತ್ತೀರಿ. ರಕ್ತ ಸುರಿದು ಬಂದ ಹಾಗೆ ಕಾಲೆಲ್ಲ ತುಂಬಿಕೊಳ್ಳುತ್ತದೆ. ಜುಮ್ಮೆನ್ನುತ್ತದೆ, ಸೂಜಿ ಚುಚ್ಚಿದ ಹಾಗೆ ಆಗುತ್ತದೆ, ಒಳಗಿನಿಂದ ಒಡೆದು ಬರುತ್ತದೇನೋ ಅನ್ನಿಸುವಷ್ಟು ಬಿಗಿಯಾಗುತ್ತದೆ, ಗ್ರಾಫ್ಟ್ ಕಣ್ಣೆದುರೇ ಕೆಂಪಿನಿಂದ ನೇರಳೆಗೆ ತಿರುಗುತ್ತದೆ. ಮತ್ತೆ ಮೇಲೆ ಎತ್ತಿದರೆ ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಇಳಿದರೆ ಸರಿ.

ಇದಕ್ಕೆ ಕಾರಣ ಸರಳ. ನಾವು ನೆಟ್ಟಗೆ ಸುಮ್ನೆ ನಿಂತಾಗ ಹೃದಯದಿಂದ ಪಾದದ ಕೀಲಿನವರೆಗಿನ ರಕ್ತದ ಭಾರವೆಲ್ಲ ಕೆಳಗಿನ ರಕ್ತನಾಳಗಳ ಮೇಲೆ ಬೀಳುತ್ತದೆ. ಕಾಲಿನ ಸಿರೆಗಳಲ್ಲಿ ಆಗ ಇರುವ ಒತ್ತಡ ಸುಮಾರು 80ರಿಂದ 90 ಮಿಲಿಮೀಟರ್ ಪಾದರಸ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುವುದರಿಂದ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಹೊಸ ಗ್ರಾಫ್ಟ್‌ನ ನಾಳಗಳು ಎಳೆಯವು, ಅವುಗಳಿಗೆ ಈ ಭಾರ ತಡೆಯುವ ಗಟ್ಟಿತನ ಬಂದಿರುವುದಿಲ್ಲ. ದ್ರವ ಹೊರಗೆ ಸೋರುತ್ತದೆ, ಗ್ರಾಫ್ಟ್ ಕೆಳಗೆ ಸೇರುತ್ತದೆ, ಗುಳ್ಳೆ ಏಳುತ್ತದೆ, ಹಿಡಿದ ಚರ್ಮ ಮತ್ತೆ ಬಿಡುತ್ತದೆ. ತೋಳಿಗೋ ಮುಖಕ್ಕೋ ಗ್ರಾಫ್ಟ್ ಆದವರಿಗೆ ಈ ತಲೆನೋವು ಇಷ್ಟಿಲ್ಲ.

ಈ ಲೆಕ್ಕ ತಲೆಗೆ ಹೋದರೆ ಉಳಿದ ನಿಯಮಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲಿಗೆ ಎಲ್ಲಕ್ಕಿಂತ ಒಳ್ಳೆಯದು ಮಲಗಿ ಹೃದಯಕ್ಕಿಂತ ಎತ್ತರದಲ್ಲಿ ಇಡುವುದು. ಆಮೇಲೆ ನಡೆಯುವುದು. ಕಾಲು ಇಳಿಬಿಟ್ಟು ಕುರ್ಚಿಯಲ್ಲಿ ಕೂರುವುದು ಕೆಟ್ಟದ್ದು, ಅಲ್ಲಾಡದೆ ನಿಲ್ಲುವುದು ಇನ್ನೂ ಕೆಟ್ಟದ್ದು. ಜನ ಇದನ್ನು ತಲೆಕೆಳಗು ಮಾಡಿಕೊಂಡಿರುತ್ತಾರೆ. ನಡೆದರೆ ಅಯ್ಯೋ ಕಾಲಿಗೆ ಆಯಾಸ ಅಂತ ಕುರ್ಚಿ ತಂದು ಹಾಕುತ್ತಾರೆ, ಅದರಲ್ಲಿ ಗಂಟೆಗಟ್ಟಲೆ ಕೂರಿಸಿ ಮಾತಾಡಿಸುತ್ತಾರೆ. ಸ್ಟೂಲ್ ಮೇಲೆ ಕಾಲಿಟ್ಟುಕೊಂಡರೆ ಸಾಲದು, ಸ್ಟೂಲ್ ಸೊಂಟಕ್ಕಿಂತ ಕೆಳಗೇ ಇರುತ್ತದೆ ಅಲ್ವಾ. ಮಂಚದ ಮೇಲೆ ದಿಂಬುಗಳನ್ನು ಮೀನಖಂಡದ ಉದ್ದಕ್ಕೂ ಇಡಬೇಕು, ಹಿಮ್ಮಡಿ ಮಾತ್ರ ಎಲ್ಲಿಗೂ ಒತ್ತದ ಹಾಗೆ ಬಯಲಲ್ಲಿ ಇರಬೇಕು. ಹಿಮ್ಮಡಿ ಒಂದೇ ಕಡೆ ಒತ್ತಿ ಒತ್ತಿ ಅಲ್ಲೊಂದು ಹೊಸ ಹುಣ್ಣು ಮಾಡಿಕೊಂಡವರಿದ್ದಾರೆ. ಮೊಣಕಾಲಿನ ಕೆಳಗೆ ಮಾತ್ರ ದಿಂಬು ತುರುಕುವುದೂ ಬೇಡ, ಅದು ಮಡಿಚಿದ ಜಾಗದಲ್ಲಿ ಸಿರೆಯನ್ನು ಒತ್ತುತ್ತದೆ.

ಕಾಲು ಇಳಿಬಿಡುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸ ಮಾಡಿಸುತ್ತಾರೆ. ಐದು ನಿಮಿಷ ಇಳಿಬಿಡು, ಎತ್ತು, ನೋಡು. ಬಣ್ಣ ವಾಪಸ್ ಬಂತಾ, ಗುಳ್ಳೆ ಎದ್ದಿದೆಯಾ, ರಕ್ತ ಬಂದಿದೆಯಾ. ಬಣ್ಣ ವಾಪಸ್ ಬಂದು, ಗುಳ್ಳೆಯೂ ರಕ್ತವೂ ಇಲ್ಲದಿದ್ದರೆ ಮುಂದಿನ ಸಲ ಸ್ವಲ್ಪ ಹೆಚ್ಚು. ಒಬ್ಬೊಬ್ಬ ಸರ್ಜನ್ ಲೆಕ್ಕ ಒಂದೊಂದು ಥರ. ಮೊದಲೆಲ್ಲ ವಾರ, ಹತ್ತು ದಿನ ಮಂಚ ಬಿಟ್ಟು ಇಳಿಯಬಾರದು ಅನ್ನುತ್ತಿದ್ದರು. ಈಗ ಚಿಕ್ಕ ಗ್ರಾಫ್ಟ್ ಆದರೆ ಬಿಗಿಯಾಗಿ ಪಟ್ಟಿ ಸುತ್ತಿ ಮೊದಲ ದಿನವೇ ನಡೆಸುವವರೂ ಇದ್ದಾರೆ. ಹಾಗೆ ಬೇಗ ನಡೆದವರಲ್ಲಿ ಗ್ರಾಫ್ಟ್ ಹೆಚ್ಚು ಹಾಳಾಗಿದೆ ಅಂತ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಗ್ರಾಫ್ಟ್ ದೊಡ್ಡದಿದ್ದರೆ, ಮೂಳೆಯೂ ಮುರಿದಿದ್ದರೆ, ಪಾದದ ಕೀಲಿನ ಮೇಲೇ ಹಾದು ಹೋಗಿದ್ದರೆ ಮಾತ್ರ ಈ ಆತುರ ನಡೆಯುವುದಿಲ್ಲ. ಪಕ್ಕದ ಮಂಚದವರು ಎರಡನೇ ದಿನವೇ ನಡೆದರು, ನಿಮ್ಮನ್ನು ಯಾಕೆ ಮಲಗಿಸಿದ್ದಾರೆ ಅಂತ ಕೇಳುವವರಿಗೆ ಇದೇ ಉತ್ತರ.

ಮಲಗಿಯೇ ಇರುವುದಕ್ಕೂ ಬೆಲೆ ಇದೆ. ಮೀನಖಂಡದ ಒಳಗಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಹೊಟ್ಟೆಗೆ ದಿನಾ ಚುಚ್ಚುವ ಆ ಸಣ್ಣ ಇಂಜೆಕ್ಷನ್ ಅದಕ್ಕೇ. ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮ ಕೂಡ ಅದಕ್ಕೇ, ಡಾಕ್ಟರು ಒಪ್ಪಿದ ಮೇಲೆ. ಮೀನಖಂಡ ಒಂದೇ ಕಡೆ ಊದಿ ಬಿಸಿಯಾಗಿ ನೋವು ಬಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಹಿಡಿದರೆ ನಾಳೆಯವರೆಗೆ ಕಾಯಬಾರದು.

ಪಟ್ಟಿ ಸುತ್ತುವುದು ಒಂದು ಕಲೆ. ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಶುರುಮಾಡಿ, ಹಿಮ್ಮಡಿಯನ್ನೂ ಸೇರಿಸಿ, ಮೊಣಕಾಲಿನ ಕೆಳಗಿನವರೆಗೆ ಸುತ್ತಬೇಕು. ಕೆಳಗೆ ಬಿಗಿ ಸ್ವಲ್ಪ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಗ್ರಾಫ್ಟ್ ಇರುವ ಜಾಗಕ್ಕೆ ಮಾತ್ರ ಸುತ್ತಿ ಬಿಟ್ಟರೆ ಪಾದ ಊದಿಕೊಂಡು ಬೇರೆ ಪಜೀತಿ. ಎಲ್ಲಕ್ಕಿಂತ ಮುಖ್ಯ, ಕಾಲು ನೆಲಕ್ಕೆ ತಾಗುವ ಮುಂಚೆ, ಇನ್ನೂ ಮಲಗಿರುವಾಗಲೇ ಸುತ್ತಬೇಕು. ಒಮ್ಮೆ ಇಳಿಬಿಟ್ಟು ಊದಿದ ಮೇಲೆ ಸುತ್ತಿದರೆ ಊತವನ್ನೇ ಒಳಗೆ ಕಟ್ಟಿ ಹಾಕಿದ ಹಾಗೆ. ರಾತ್ರಿ ಬಾತ್‌ರೂಮಿಗೆ ಎದ್ದಾಗಲೂ ಇದೇ ನಿಯಮ, ಅದೊಂದು ದೊಡ್ಡ ಹಿಂಸೆ. ನಮ್ಮಕ್ಕ ದಿನಾ ಬೆಳಿಗ್ಗೆ ಬಂದು ಸುತ್ತಿಕೊಡುತ್ತಿದ್ದಳು, ಸುತ್ತಿ ಮುಗಿಸಿ ಬೆರಳಿನ ಉಗುರು ಒತ್ತಿ ಬಿಟ್ಟು ಬಣ್ಣ ವಾಪಸ್ ಬರುತ್ತಾ ಅಂತ ನೋಡುತ್ತಿದ್ದಳು, ಅದನ್ನು ಸಿಸ್ಟರ್ ಕಲಿಸಿಕೊಟ್ಟಿದ್ದರು. ಬೆರಳು ತಣ್ಣಗಾಗಿ, ಬಿಳಿಚಿ ಅಥವಾ ನೀಲಿಯಾಗಿ, ಮರಗಟ್ಟಿದರೆ ಪಟ್ಟಿ ಬಿಚ್ಚಿ ಮತ್ತೆ ಸುತ್ತಬೇಕು.

ಆದರೆ ಎಲ್ಲರ ಕಾಲಿಗೂ ಬಿಗಿ ಪಟ್ಟಿ ಆಗಿಬರುವುದಿಲ್ಲ, ಇದನ್ನು ಒತ್ತಿ ಹೇಳಬೇಕು. ಕಾಲಿಗೆ ರಕ್ತ ತರುವ ಅಪಧಮನಿಗಳೇ ಕಿರಿದಾಗಿದ್ದರೆ, ಮೇಲಿನಿಂದ ಒತ್ತಿದರೆ ಬರುವ ಅಷ್ಟೂ ರಕ್ತ ನಿಲ್ಲುತ್ತದೆ. ಅದಕ್ಕೇ ಪಾದದ ಕೀಲಿನ ಹತ್ತಿರದ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸಿ ನೋಡುತ್ತಾರೆ. ಪಾದದ್ದನ್ನು ತೋಳಿನದರಿಂದ ಭಾಗಿಸಿದಾಗ 0.8ಕ್ಕಿಂತ ಕಡಿಮೆ ಬಂದರೆ ಪೂರ್ತಿ ಬಿಗಿ ಕಟ್ಟುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅಪಧಮನಿ ಗಟ್ಟಿಯಾಗಿ ಈ ಅಂಕಿ ಸುಳ್ಳು ಹೇಳುವುದೂ ಉಂಟು. ಹಾಗಾಗಿ ವಯಸ್ಸಾದವರು, ಸಿಗರೇಟು ಸೇದುವವರು, ಸಕ್ಕರೆ ಇರುವವರು ಅಂಗಡಿಯಿಂದ ಊತ ತಡೆಯುವ ಬಿಗಿ ಸ್ಟಾಕಿಂಗ್ಸ್ ತಂದು ತಾವೇ ಹಾಕಿಕೊಳ್ಳುವುದು ಬೇಡ.

ಸಿಗರೇಟಿನ ಮಾತು ಬಂತು. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ರಕ್ತ ಮೊದಲೇ ಕಷ್ಟಪಟ್ಟು ತಲುಪುವ ಜಾಗಕ್ಕೆ ಇನ್ನೂ ಕಷ್ಟ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೂ ಹಾಗೇ. ಊಟದಲ್ಲಿ ಪ್ರೋಟೀನ್ ಜಾಸ್ತಿ ಬೇಕು, ಗಾಯ ಮಾಯುವ ಕಾಲದಲ್ಲಿ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಅಂತ ಆಹಾರ ತಜ್ಞರು ಲೆಕ್ಕ ಹಾಕುತ್ತಾರೆ, ಕಿಡ್ನಿ ತೊಂದರೆ ಇದ್ದವರಿಗೆ ಬೇರೆ ಲೆಕ್ಕ. ಇದನ್ನು ತಿಂದರೆ ಕೀವಾಗುತ್ತದೆ, ಅದನ್ನು ತಿಂದರೆ ನಂಜು ಅಂತ ಒಂದೊಂದೇ ಬಿಡಿಸುತ್ತಾ ಬಂದು ಕೊನೆಗೆ ತಟ್ಟೆಯಲ್ಲಿ ಏನೂ ಉಳಿಯದ ಹಾಗೆ ಮಾಡುವ ಬಂಧುಗಳ ಮಾತಿಗೆ ನಾನಂತೂ ಕಿವಿಗೊಡಲಿಲ್ಲ.

ಅದೇ ಬಂಧುಗಳ ಇನ್ನೊಂದು ಸಲಹೆ, ಗಾಳಿಗೆ ಬಿಡಿ, ಒಣಗಲಿ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ 1962ರಲ್ಲಿ ಜಾರ್ಜ್ ವಿಂಟರ್ ಎಂಬ ಸಂಶೋಧಕರು ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಮುಚ್ಚಿ ತೇವ ಉಳಿಸಿದ ಗಾಯಗಳ ಮೇಲೆ ಹೊಸ ಚರ್ಮ ಒಣಗಲು ಬಿಟ್ಟ ಗಾಯಗಳಿಗಿಂತ ಸುಮಾರು ಎರಡು ಪಟ್ಟು ಬೇಗ ಹರಡಿತು. ಹಕ್ಕಳೆ ಕಟ್ಟಿದರೆ ಹೊಸ ಕೋಶಗಳು ಅದರ ಅಡಿಯಲ್ಲಿ ನುಸುಳಿಕೊಂಡು ಹೋಗಬೇಕು, ತಡವಾಗುತ್ತದೆ. ಇವತ್ತಿನ ಡ್ರೆಸ್ಸಿಂಗ್‌ಗಳೆಲ್ಲ ಆ ತಿಳಿವಳಿಕೆಯ ಮೇಲೇ ನಿಂತಿವೆ. ಹಾಗಂತ ಸೋರುವಷ್ಟು ಒದ್ದೆಯಾದ ಬ್ಯಾಂಡೇಜ್ ಇಟ್ಟುಕೊಳ್ಳುವುದೂ ತಪ್ಪು, ಸುತ್ತಲಿನ ಚರ್ಮ ನೆನೆದು ಬೆಳ್ಳಗಾಗಿ ಒಡೆಯುತ್ತದೆ.

ಉಳಿದ ಚಿಕ್ಕ ಚಿಕ್ಕ ಹಸಿ ಜಾಗಗಳಿವೆಯಲ್ಲ, ಅವು ತಾಳ್ಮೆ ಪರೀಕ್ಷೆ ಮಾಡುತ್ತವೆ. ಗ್ರಾಫ್ಟ್ ಎಲ್ಲ ಹಿಡಿದಿದೆ, ಒಂದು ಮೂಲೆ ಮಾತ್ರ ವಾರವಾದರೂ ಮುಚ್ಚುವುದಿಲ್ಲ. ಕೆಲವೊಮ್ಮೆ ಅಲ್ಲಿ ಕೆಂಪು ಮಾಂಸ ಚರ್ಮದ ಮಟ್ಟಕ್ಕಿಂತ ಮೇಲೆ ಉಬ್ಬಿ ಬೆಳೆದು, ಅಂಚಿನ ಚರ್ಮ ಅದನ್ನು ಹತ್ತಿ ದಾಟಲಾಗದೆ ನಿಂತುಬಿಡುತ್ತದೆ. ಡಾಕ್ಟರು ಸಿಲ್ವರ್ ನೈಟ್ರೇಟ್ ಕಡ್ಡಿ ತಾಗಿಸಿಯೋ, ಸ್ಟೀರಾಯ್ಡ್ ಮುಲಾಮು ಹಚ್ಚಿಯೋ ಅದನ್ನು ತಗ್ಗಿಸುತ್ತಾರೆ. ಹೊಸ ಚರ್ಮದಲ್ಲಿ ಮೇಲಿನ ಪದರಕ್ಕೂ ಕೆಳಗಿನದಕ್ಕೂ ಹಿಡಿತ ಇನ್ನೂ ಗಟ್ಟಿಯಾಗಿರುವುದಿಲ್ಲ, ಹಾಗಾಗಿ ಸಾಕ್ಸ್ ಅಂಚು ಉಜ್ಜಿದರೂ ನೀರುಗುಳ್ಳೆ ಏಳುತ್ತದೆ. ಒಂದು ಹೆಜ್ಜೆ ಹಿಂದೆ ಹೋದ ಹಾಗೆ ಅನ್ನಿಸುತ್ತದೆ. ಸಣ್ಣ ಗುಳ್ಳೆಯನ್ನು ಒಡೆಯದೆ ಅಂಟದ ಬಟ್ಟೆ ಮುಚ್ಚಿಟ್ಟರೆ ಬಹುಪಾಲು ತಾನೇ ಇಳಿಯುತ್ತದೆ.

ಗಾಯ ಪೂರ್ತಿ ಮುಚ್ಚಿದ ಮೇಲೆ ಬರುವುದು ತುರಿಕೆ. ನೋವನ್ನು ತಡೆದುಕೊಂಡವರು ತುರಿಕೆಗೆ ಸೋಲುತ್ತಾರೆ. ತೊಡೆಯಲ್ಲೂ ತುರಿಕೆ, ಕಾಲಲ್ಲೂ ತುರಿಕೆ, ರಾತ್ರಿ ಜಾಸ್ತಿ. ತೆಳು ಗ್ರಾಫ್ಟ್ ಜೊತೆಗೆ ಎಣ್ಣೆಯ ಗ್ರಂಥಿಗಳೂ ಬೆವರಿನ ಗ್ರಂಥಿಗಳೂ ಬರುವುದಿಲ್ಲ, ಆದ್ದರಿಂದ ಆ ಚರ್ಮ ತನ್ನನ್ನು ತಾನು ಮೆತ್ತಗೆ ಇಟ್ಟುಕೊಳ್ಳಲಾರದು. ಒಣಗುತ್ತದೆ, ಸಿಪ್ಪೆ ಏಳುತ್ತದೆ, ತುರಿಸುತ್ತದೆ. ವಾಸನೆಯಿಲ್ಲದ ಸಾದಾ ಕ್ರೀಮನ್ನು ದಿನಕ್ಕೆ ಮೂರು ನಾಲ್ಕು ಸಲ ತೆಳ್ಳಗೆ ಹಚ್ಚಿ ಬೆರಳಿನಿಂದ ನಿಧಾನವಾಗಿ ಒತ್ತಿ ಉಜ್ಜಬೇಕು. ಇದು ಬರೀ ತೇವಕ್ಕಲ್ಲ, ಕಲೆ ಗಡುಸಾಗಿ ಕೆಳಗಿನ ಮೂಳೆಗೆ ಅಂಟದಿರಲಿ ಅಂತಲೂ ಹೌದು. ಹಸಿ ಜಾಗ ಉಳಿದಿರುವಾಗ ಮಾತ್ರ ಉಜ್ಜಬಾರದು. ತುರಿಕೆ ತಡೆಯಲಾಗದಿದ್ದರೆ ಕೆರೆಯುವ ಬದಲು ಅಂಗೈಯಿಂದ ಮೆಲ್ಲಗೆ ತಟ್ಟುವುದು, ಬಟ್ಟೆಯ ಮೇಲಿಂದ ತಂಪು ಹಿಡಿಯುವುದು ಕೆಲಸಕ್ಕೆ ಬರುತ್ತದೆ, ಮಾತ್ರೆಯೂ ಇದೆ, ಕೇಳಿ ತೆಗೆದುಕೊಳ್ಳಿ.

ಬಿಸಿಲಿನಲ್ಲಿ ಹೊಸ ಚರ್ಮ ಬೇಗ ಕಪ್ಪಾಗುತ್ತದೆ, ಹಾಗೆ ಆದ ಕಪ್ಪು ಉಳಿದುಬಿಡಬಹುದು. ಒಂದೆರಡು ವರ್ಷ ಬಟ್ಟೆ ಮುಚ್ಚಿ, ಇಲ್ಲವೇ ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ. ಸ್ಪರ್ಶ ತಿಂಗಳುಗಟ್ಟಲೆ ಮಂದ. ಅಂಚಿನಿಂದ ಒಳಕ್ಕೆ ನಿಧಾನವಾಗಿ ಬರುತ್ತದೆ, ಪೂರ್ತಿ ಬರುವುದಿಲ್ಲ. ಅಷ್ಟರಲ್ಲಿ ಬಿಸಿನೀರು, ಹೀಟರ್, ಬಿಸಿನೀರಿನ ಚೀಲ ಇವುಗಳ ಹತ್ತಿರ ಜಾಗ್ರತೆ, ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಸ್ನಾನದ ನೀರನ್ನು ಕೈಯಿಂದ ಮುಟ್ಟಿ ನೋಡಿಯೇ ಕಾಲಿಗೆ ಹಾಕಿಕೊಳ್ಳಿ.

ನೋಟದ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ. ಬಲೆಯ ಗುರುತು ಉಳಿಯುತ್ತದೆ, ತಗ್ಗು ಉಳಿಯುತ್ತದೆ, ಯಾಕೆಂದರೆ ಹೋದ ಕೊಬ್ಬಿನ ಪದರ ವಾಪಸ್ ಬಂದಿಲ್ಲ. ಕೂದಲು ಬರುವುದಿಲ್ಲ. ಮೊದಲ ಕೆಲವು ತಿಂಗಳು ಕೆಂಪೋ ನೇರಳೆಯೋ ಆಗಿ ಎದ್ದು ಕಾಣುತ್ತದೆ, ಕಲೆ ಪೂರ್ತಿ ಹದವಾಗಲು 12ರಿಂದ 18 ತಿಂಗಳು ಬೇಕು, ಹಾಗಾಗಿ ಆರನೇ ತಿಂಗಳಲ್ಲಿ ಕನ್ನಡಿ ಮುಂದೆ ನಿಂತು ಇದೇ ಕೊನೆಯ ರೂಪ ಅಂತ ತೀರ್ಮಾನ ಮಾಡುವುದು ಬೇಡ. ಅಪರಿಚಿತರು ಕೇಳುತ್ತಾರೆ. ನಾನು ಮನಸ್ಸಿದ್ದರೆ ಪೂರ್ತಿ ಕಥೆ ಹೇಳುತ್ತೇನೆ, ಇಲ್ಲದಿದ್ದರೆ ಗಾಡಿಯಿಂದ ಬಿದ್ದೆ ಅಂತ ಮುಗಿಸುತ್ತೇನೆ.

ಕೆಲಸಕ್ಕೆ ಯಾವಾಗ ಹೋಗಬಹುದು ಅನ್ನುವುದು ಯಾವ ಕೆಲಸ ಅನ್ನುವುದರ ಮೇಲೆ ನಿಂತಿದೆ. ದಿನವಿಡೀ ನಿಂತೇ ಇರುವ ಕೆಲಸದವರಿಗೆ ತಡವಾಗುತ್ತದೆ, ಕೂತು ಮಾಡುವವರೂ ಕಾಲು ಇಳಿಬಿಟ್ಟೇ ಕೂರುತ್ತಾರಲ್ಲ, ಅವರಿಗೂ ಗಂಟೆಗೊಮ್ಮೆ ಎದ್ದು ಓಡಾಡುವ, ಮಧ್ಯಾಹ್ನ ಸ್ವಲ್ಪ ಹೊತ್ತು ಕಾಲು ಎತ್ತಿಡುವ ಅನುಕೂಲ ಬೇಕು. ಇದನ್ನು ಡಾಕ್ಟರ ಚೀಟಿಯಲ್ಲಿ ಬರೆಸಿಕೊಂಡು ಹೋದರೆ ಮೇಲಿನವರ ಜೊತೆ ವಾದ ಮಾಡುವುದು ತಪ್ಪುತ್ತದೆ. ಸ್ಟಾಕಿಂಗ್ಸ್ ಎರಡು ಜೊತೆ ಬೇಕು, ಒಂದು ಒಗೆದಾಗ ಇನ್ನೊಂದು. ಎಲಾಸ್ಟಿಕ್ ಮೂರರಿಂದ ಆರು ತಿಂಗಳಲ್ಲಿ ಸಡಿಲವಾಗುತ್ತದೆ. ಆಮೇಲೆ ಅದು ಬರೀ ಬಿಸಿಲಿಗೆ ಅಡ್ಡ, ಊತಕ್ಕಲ್ಲ.

ಕೊನೆಗೆ ಒಂದು ವಿಷಯ, ಇದನ್ನು ನನಗೆ ಡ್ರೆಸ್ಸಿಂಗ್ ಮಾಡುತ್ತಿದ್ದ ಸಿಸ್ಟರ್ ಹೇಳಿದ್ದು. ವರ್ಷಗಳ ಮೇಲೆ ಗ್ರಾಫ್ಟ್ ಮೇಲೆ ಎಲ್ಲಾದರೂ ತಾಗಿ ಗಾಯವಾದರೆ ಅದು ಮಾಮೂಲಿ ಚರ್ಮಕ್ಕಿಂತ ನಿಧಾನವಾಗಿ ಮಾಯುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಹಳೆಯ ಕಲೆಯಲ್ಲಿ ಎದ್ದ ಹುಣ್ಣು ವಾರಗಟ್ಟಲೆ ಮುಚ್ಚದೆ, ಅಂಚು ಉಬ್ಬಿ ಗಡುಸಾಗಿ, ಪದೇ ಪದೇ ರಕ್ತ ಬರುತ್ತಿದ್ದರೆ ಮುಲಾಮು ಬದಲಿಸುತ್ತಾ ಕೂರಬಾರದು. ಅಪರೂಪಕ್ಕೆ ಅಂಥ ಹುಣ್ಣುಗಳಲ್ಲಿ ಚರ್ಮದ ಕ್ಯಾನ್ಸರ್ ಇರುತ್ತದೆ. ಸರ್ಜನ್‌ಗೆ ತೋರಿಸಿ, ಒಂದು ಚಿಕ್ಕ ತುಣುಕು ತೆಗೆದು ಪರೀಕ್ಷೆಗೆ ಕಳಿಸಿ ಅಂತ ನಾವೇ ಬಾಯಿಬಿಟ್ಟು ಕೇಳಬೇಕು.